ಊಟ ಆಯಿತೆ ಎಂದು ಕೇಳಿ ಪಿಎಚ್.ಡಿ. ಮಾಡಹೊರಟದ್ದು

ನನ್ನನ್ನು ಬಾಯಿ ತುಂಬ ಹೊಗಳಿ ಮೂವರು ಪ್ರಾಧ್ಯಾಪಕರು ಸಹಿ ಮಾಡಿದ ಮೂರು ಪತ್ರಗಳು ಈಗಲೂ ವಿಶಾಖಪಟ್ಟಣದ ಒಂದು ವಿಶ್ವವಿದ್ಯಾಲಯದ ಕಡತದಲ್ಲಿವೆ. ಮೂರನ್ನೂ ಬರೆದವಳು ನಾನೇ. ಇದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ ಎಂದಲ್ಲ. ನಾಚಿಕೆಪಡಬೇಕಾದ ಸಂಗತಿಗಳು ಮುಂದೆ ಇನ್ನೂ ಇರುವುದರಿಂದ ಎಲ್ಲವನ್ನೂ ಇಲ್ಲೇ ಖರ್ಚು ಮಾಡುವುದು ಬೇಡ ಎಂದು.

ಧಾರವಾಡದಲ್ಲಿ ನಾನು ಆಹಾರ ಮತ್ತು ಪೌಷ್ಟಿಕ ವಿಜ್ಞಾನದ ಎಂ.ಎಸ್ಸಿ. ಮುಗಿಸುವ ಹೊತ್ತಿಗೆ ಬ್ಯಾಂಕ್ ಅಧಿಕಾರಿಯಾಗಿದ್ದ ಅಪ್ಪನಿಗೆ ವಿಜಯವಾಡಕ್ಕೆ ವರ್ಗವಾಗಿತ್ತು. ಹುಬ್ಬಳ್ಳಿಯ ಮನೆ ಬಾಡಿಗೆಗೆ ಕೊಟ್ಟು, ಅಮ್ಮ ಖಡಕ್ ರೊಟ್ಟಿಯ ಡಬ್ಬಿ ಸಮೇತ ಬೆಂಜ್ ಸರ್ಕಲ್ಲಿನ ಹಿಂದಿನ ಓಣಿಯ ಮೂರನೆಯ ಮಹಡಿಗೆ ಬಂದಿಳಿದಿದ್ದಳು. ನಾನೂ ಪದವಿ ಹಿಡಿದು ಅಲ್ಲಿಗೇ ಬಂದೆ. ಯಾರಾದರೂ 'ಮಗಳು ಏನು ಮಾಡ್ತಾಳೆ' ಎಂದು ಕೇಳಿದರೆ ಅಪ್ಪ 'ಪಿಎಚ್.ಡಿ.ಗೆ ತಯಾರಿ' ಎನ್ನುತ್ತಿದ್ದರು. ಆ ತಯಾರಿ ಎಂಟು ತಿಂಗಳು ನಡೆಯಿತು. ಬೆಳಿಗ್ಗೆ ಎದ್ದು ಫ್ಯಾನಿನ ಕೆಳಗೆ ಕೂತು, ಸಂಜೆ ಫ್ಯಾನಿನ ಕೆಳಗಿನಿಂದ ಏಳುವುದು. ವಿಜಯವಾಡದ ಮೇ ತಿಂಗಳಲ್ಲಿ ಇದಕ್ಕಿಂತ ಹೆಚ್ಚಿನದನ್ನು ಮನುಷ್ಯರಿಂದ ನಿರೀಕ್ಷಿಸಬಾರದು.

ಕೊನೆಗೆ ವಿಶಾಖಪಟ್ಟಣದಿಂದ ಒಂದು ಪ್ರಕಟಣೆ ಕಣ್ಣಿಗೆ ಬಿತ್ತು. ಕಡಲತೀರದ ಮೀನುಗಾರ ಕುಟುಂಬಗಳ ಆಹಾರದ ಮೇಲೆ ಸಂಶೋಧನೆ. ಪ್ರವೇಶ ಪರೀಕ್ಷೆ, ಸಂದರ್ಶನ, ಮೂರು ಶಿಫಾರಸು ಪತ್ರ. ಅಭ್ಯರ್ಥಿಗೆ ಸ್ಥಳೀಯ ಭಾಷೆ ಚೆನ್ನಾಗಿ ಬರಬೇಕು ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು. ನಾನು ಕರ್ನಾಟಕದವಳು, ಬೇರೆ ರಾಜ್ಯದವರಿಗೆ ಇದ್ದದ್ದೇ ಒಂದೆರಡು ಸೀಟು. ಈ ಸಣ್ಣ ಅಕ್ಷರದಲ್ಲೇ ನನ್ನ ಕಥೆ ಮುಗಿಯಬೇಕಾಗಿತ್ತು.

ಧಾರವಾಡಕ್ಕೆ ಫೋನ್ ಮಾಡಿ ನಮ್ಮ ವಿಭಾಗದ ಮುಖ್ಯಸ್ಥರನ್ನು ಪತ್ರ ಕೇಳಿದೆ. ಅವರು ಎಲ್ಲ ವಿದ್ಯಾರ್ಥಿಗಳಿಗೂ ಹೇಳುವ ಮಾತನ್ನೇ ಹೇಳಿದರು: "ನೀನ ಬರ್ಕೊಂಡು ಕಳಸವ್ವಾ, ನಾ ಸೈನ್ ಮಾಡ್ತೇನಿ." ನಮ್ಮ ದೇಶದ ಉನ್ನತ ಶಿಕ್ಷಣ ನಡೆಯುತ್ತಿರುವುದೇ ಈ ವಾಕ್ಯದ ಮೇಲೆ. ಹೊಗಳಬೇಕಾದವರಿಗೆ ಪುರುಸೊತ್ತಿಲ್ಲ, ಹೊಗಳಿಸಿಕೊಳ್ಳಬೇಕಾದವರಿಗೆ ಬೇಕಾದಷ್ಟಿದೆ. ಆದ್ದರಿಂದ ಕೆಲಸ ಸರಿಯಾಗಿಯೇ ಹಂಚಿಕೆಯಾಗಿದೆ.

ಫ್ಯಾನಿನ ಕೆಳಗೆ ಕೂತು ನಾನು ಮೂರು ಜನರಾದೆ. ಮುಖ್ಯಸ್ಥರ ಪತ್ರಕ್ಕೆ ಚಿಕ್ಕ ಚಿಕ್ಕ ವಾಕ್ಯ, ಏಕೆಂದರೆ ಅವರು ಮಾತಾಡುವುದು ಹಾಗೆ. ಪಾಠ ಹೇಳಿದ ಯುವ ಅಧ್ಯಾಪಕಿಯ ಪತ್ರಕ್ಕೆ ಧಾರಾಳವಾಗಿ ವಿಶೇಷಣಗಳು. ನಿವೃತ್ತಿಗೆ ಹತ್ತಿರವಾಗಿದ್ದ ಮೂರನೆಯವರ ಪತ್ರಕ್ಕೆ ಬ್ರಿಟಿಷರ ಕಾಲದ ಇಂಗ್ಲಿಷು. ಅನುಮಾನ ಬಾರದಿರಲೆಂದು ಮೂರಕ್ಕೂ ಬೇರೆ ಬೇರೆ ಅಕ್ಷರದ ಮಾದರಿ. ಮೊದಲ ಪತ್ರದಲ್ಲಿ ಸ್ವಲ್ಪ ಸಂಕೋಚವಿತ್ತು. 'ಶ್ರಮಜೀವಿ' ಎಂದು ಬರೆದು ನಿಲ್ಲಿಸಿದೆ. ಎರಡನೆಯದರಲ್ಲಿ 'ಅಪರೂಪದ ಪ್ರತಿಭೆ'ಯಾದೆ. ಮೂರನೆಯದು ಮುಗಿಯುವ ಹೊತ್ತಿಗೆ ಆ ಹುಡುಗಿಯ ಪರಿಚಯ ನನಗೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು. ಮೂವರೂ ಒಂದು ವಿಷಯದಲ್ಲಿ ಮಾತ್ರ ಒಮ್ಮತಕ್ಕೆ ಬಂದಿದ್ದರು: ಈಕೆ ತೆಲುಗನ್ನು ಮಾತೃಭಾಷೆಯಂತೆ ಮಾತನಾಡುತ್ತಾಳೆ, ಕಡಲತೀರದ ಜನರೊಂದಿಗೆ ಸಲೀಸಾಗಿ ಬೆರೆಯುತ್ತಾಳೆ.

ಆಗ ನಾನು ನೋಡಿದ್ದ ಕಡಲೆಂದರೆ ಶಾಲೆಯ ಪ್ರವಾಸದಲ್ಲಿ ಕಾರವಾರದಲ್ಲಿ ಕಂಡದ್ದು, ಅದೂ ಬಸ್ಸಿನ ಕಿಟಕಿಯಿಂದ ಅರ್ಧ. ಇನ್ನು ತೆಲುಗು: ತರಕಾರಿಯವರು, ಆಟೋದವರು ಮತ್ತು ಪಕ್ಕದ ಮನೆಯ ಟಿ.ವಿ. ಕಲಿಸಿದಷ್ಟು. ಹುಬ್ಬಳ್ಳಿಯಲ್ಲಿ 'ರೀ' ಹಚ್ಚುವ ಕಡೆಯೆಲ್ಲ 'ಅಂಡಿ' ಹಚ್ಚಿದರೆ ತೆಲುಗು ಆಗುತ್ತದೆ ಎಂಬುದು ನನ್ನ ಸಿದ್ಧಾಂತ. ಅದು ಎಷ್ಟು ಅಂಟಿಕೊಂಡಿತ್ತೆಂದರೆ ಅಮ್ಮ ಕರೆದರೂ 'ಬಂದೆನಂಡಿ' ಎನ್ನುತ್ತಿದ್ದೆ. "ನಿನ್ನ ಅಂಡಿ ತಗೊಂಡು ಹೋಗಿ ಕೃಷ್ಣಾ ಹೊಳ್ಯಾಗ ಒಗಿ," ಎನ್ನುತ್ತಿದ್ದಳು ಅಮ್ಮ.

ಇಬ್ಬರು ಸಹಿ ಮಾಡಿ ಸ್ಕ್ಯಾನ್ ಮಾಡಿ ಕಳಿಸಿದರು. ಮೂರನೆಯವರು ಫೋನಿಗೆ ಸಿಗಲಿಲ್ಲ. ವಿಚಾರಿಸಿದರೆ ಅವರು ಯಾವುದೋ ವಿಚಾರಸಂಕಿರಣಕ್ಕೆ ವಿಜಯವಾಡಕ್ಕೇ ಬಂದು, ಆ ದಿನವೇ ಗನ್ನವರಂನಿಂದ ವಿಮಾನ ಹತ್ತುವವರಿದ್ದರು. ಅಪ್ಪನ ಸ್ಕೂಟರಿನ ಹಿಂದೆ ಕೂತು, ಪ್ಲಾಸ್ಟಿಕ್ ಫೋಲ್ಡರನ್ನು ಎದೆಗವಚಿಕೊಂಡು ಗನ್ನವರಂಗೆ ಓಡಿದೆ. ನಿಲ್ದಾಣದ ಬಾಗಿಲಲ್ಲಿ ಅವರು ಗುರುತಿನ ಚೀಟಿ ಹುಡುಕುತ್ತ ನಿಂತಿದ್ದರು. ಪತ್ರವನ್ನು ಸೂಟ್‌ಕೇಸಿನ ಬೆನ್ನ ಮೇಲಿಟ್ಟು, ಓದದೆ ಸಹಿ ಹಾಕಿ, "ಛಲೋ ಬರ್ದೇನಿ ಇಲ್ಲೋ?" ಎಂದು ಕೇಳಿದರು. ಭಾಳ ಛಲೋ ಬರ್ದೀರಿ ಸರ್ ಎಂದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಇಂಥ ಗುರುಗಳು ಇಲ್ಲದೇ ಹೋಗಿದ್ದರೆ ನನ್ನಂಥವರ ಗತಿಯೇನು.

ಪ್ರವೇಶ ಪರೀಕ್ಷೆ ಹೇಗೋ ಪಾಸಾಯಿತು. ಸಂದರ್ಶನದ ಹಿಂದಿನ ದಿನ ಅಮ್ಮ ಇಂದ್ರಕೀಲಾದ್ರಿಯ ಮೆಟ್ಟಿಲು ಹತ್ತಿ ದುರ್ಗಮ್ಮನಿಗೆ ಕುಂಕುಮಾರ್ಚನೆ ಮಾಡಿಸಿ ಬಂದಳು. ನಾನು ಆರು ತಾಸು ರೈಲಿನಲ್ಲಿ ಕೂತು ವಿಶಾಖಪಟ್ಟಣಕ್ಕೆ ಹೋದೆ. ಸಮಿತಿಯಲ್ಲಿದ್ದ ಮೇಡಂ ಒಬ್ಬರು, ಮುಂದೆ ನನ್ನ ಮಾರ್ಗದರ್ಶಿಯಾದವರು, ಮೂರೂ ಪತ್ರಗಳನ್ನು ಒಂದರ ಪಕ್ಕ ಒಂದು ಇಟ್ಟುಕೊಂಡು ಓದಿ ನನ್ನನ್ನು ನೋಡಿದರು. ತೆಲುಗಿನಲ್ಲಿ ಎರಡು ಪ್ರಶ್ನೆ ಕೇಳಿದರು. ನಾನು ಪ್ರತಿ ಮೂರನೆಯ ಪದಕ್ಕೆ ಒಂದು ಅಂಡಿಯಂತೆ ಉತ್ತರಿಸಿದೆ. ಅವರ ಮುಖದಲ್ಲಿ ಒಂದು ನಗು ಬಂತು. ಮೆಚ್ಚುಗೆಯ ನಗು ಎಂದುಕೊಂಡೆ. ಎರಡು ವಾರಕ್ಕೆ ಸೀಟು ಸಿಕ್ಕಿತು. ಅಪ್ಪ ಬ್ಯಾಂಕಿನಲ್ಲಿ ಪೂತರೇಕು ಮಿಠಾಯಿ ಹಂಚಿದರು.

ಸೇರಿದ ಮೊದಲ ವಾರವೇ ಮೇಡಂ ನನಗೆ ನಿಯಮವನ್ನು ಸ್ಪಷ್ಟಮಾಡಿದರು. ಅವರ ಮಾತು ತೆಲುಗು, ಇಂಗ್ಲಿಷು ಎರಡರ ಮಿಶ್ರಣ. ಇಲ್ಲಿ ನನ್ನ ಕನ್ನಡದಲ್ಲಿ ಹೇಳುತ್ತೇನೆ. "ನಲವತ್ತು ಜನ ಹೆಂಗಸರು. ಎಲ್ಲ ಒಣಮೀನು ಮಾಡಿ ಮಾರುವವರು. ಅವರು ನಿನ್ನೆ ಏನು ತಿಂದರು, ಎಷ್ಟು ತಿಂದರು, ಇಷ್ಟೇ. ವರ್ಷದ ಕೊನೆಗೆ ಸಮಿತಿ ನೋಡುತ್ತೆ. ಒಪ್ಪಿದರೆ ನೋಂದಣಿ ಖಾಯಂ, ಇಲ್ಲವಾದರೆ ರದ್ದು. ಬೇರೆಯವರಿಗೆ ಭಾಷೆಗೆ ಸಹಾಯಕರನ್ನು ಕೊಡ್ತೀವಮ್ಮಾ. ನಿನಗೆ ಬೇಕಿಲ್ಲವಲ್ಲ." ಬೇಕಿಲ್ಲ ಮೇಡಂ ಅಂದೆ. ಮಾಡಿದ್ದುಣ್ಣೋ ಮಹರಾಯ ಎಂಬ ಗಾದೆ ನನಗೆ ಅಲ್ಲಿಯವರೆಗೆ ಬರೀ ಗಾದೆಯಾಗಿತ್ತು.

ರದ್ದು ಎಂದರೆ ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಬೆಂಜ್ ಸರ್ಕಲ್ಲಿನ ಹಿಂದಿನ ಓಣಿ, ಮೂರನೆಯ ಮಹಡಿ, ಫ್ಯಾನು, ಪೂತರೇಕು ತಿಂದವರೆಲ್ಲ 'ಮಗಳು ಏನು ಮಾಡ್ತಾಳೆ' ಎಂದು ಹೊಸದಾಗಿ ಕೇಳುವುದು, ಅಪ್ಪ ಉತ್ತರ ಹುಡುಕುವುದು.

ಸಂಶೋಧನಾ ವಿದ್ಯಾರ್ಥಿಯ ಜೀವನದ ಬಗ್ಗೆ ನನಗಿದ್ದ ಕಲ್ಪನೆಯಲ್ಲಿ ಗ್ರಂಥಾಲಯ, ಕಿಟಕಿ ಮತ್ತು ಚಿಂತನೆ ಇದ್ದವು. ವಾಸ್ತವದಲ್ಲಿ ಇದ್ದದ್ದು ಹಾಜರಿ ಪುಸ್ತಕ, ಶಾಯಿ ಮುಗಿದ ಪ್ರಿಂಟರು, ನಾಲ್ವರಿಗೆ ಒಂದು ಮೇಜು, ಮತ್ತು ಮೇಡಂ ಅವರ ಉತ್ತರ ಪತ್ರಿಕೆಗಳ ಬಂಡಲುಗಳನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೊರುವ ಭಾಗ್ಯ. ಹಾಸ್ಟೆಲಿನ ಮೆಸ್ಸಿನಲ್ಲಿ ಗೋಂಗೂರ ಪಚ್ಚಡಿ ಎಂಬ ಪುಂಡಿಸೊಪ್ಪಿನ ಚಟ್ನಿಯೊಂದನ್ನು ಬಿಟ್ಟರೆ ಉಳಿದದ್ದರ ಬಗ್ಗೆ ಮಾತಾಡದಿರುವುದು ಲೇಸು. ಪೌಷ್ಟಿಕ ವಿಜ್ಞಾನದ ನಾವು ನಾಲ್ವರೂ ಬೆಳಿಗ್ಗೆ ಬಿಸ್ಕತ್ತು, ಮಧ್ಯಾಹ್ನ ಚಹಾ, ಸಂಜೆ ಬಜ್ಜಿಯಿಂದ ಬದುಕುತ್ತ, ಸಮತೋಲಿತ ಆಹಾರದ ಬಗ್ಗೆ ಪ್ರಬಂಧ ಬರೆಯುತ್ತಿದ್ದೆವು.

ಕ್ಷೇತ್ರಕಾರ್ಯಕ್ಕೆ ಹೋಗುವಾಗ ಚೀಲದಲ್ಲಿ ಅಳತೆಯ ಬಟ್ಟಲುಗಳ ಒಂದು ಸೆಟ್ಟು ಇರುತ್ತಿತ್ತು. ದೊಡ್ಡದರಿಂದ ಸಣ್ಣದರವರೆಗೆ ಒಂದರೊಳಗೊಂದು. ಅವನ್ನು ತೋರಿಸಿ 'ಅನ್ನ ಈ ಬಟ್ಟಲಲ್ಲಿ ಎಷ್ಟು' ಎಂದು ಕೇಳಿ ಫಾರಂನಲ್ಲಿ ತುಂಬಬೇಕು. ಬೀಚ್ ರಸ್ತೆಯಲ್ಲಿ ಬಸ್ಸಿಳಿದು ಮೀನುಗಾರರ ಪೇಟೆಗೆ ಇಳಿಯುವಾಗ ಚೀಲ ಝಣಝಣ ಎನ್ನುತ್ತಿತ್ತು. ಮೊದಲ ದಿನ ಒಬ್ಬ ಮುದುಕಿ ಬಂದು ಹಳೇ ಸೀರೆಗೆ ಪಾತ್ರೆ ಕೊಡುತ್ತೀಯಾ ಎಂದು ವಿಚಾರಿಸಿದಳು. ಅಷ್ಟು ಅರ್ಥವಾದದ್ದೂ ಅವಳು ಸೀರೆ ಎತ್ತಿ ತೋರಿಸಿದ್ದರಿಂದ.

ಉಳಿದದ್ದು ಏನೂ ಅರ್ಥವಾಗುತ್ತಿರಲಿಲ್ಲ. ವಿಜಯವಾಡದ ತರಕಾರಿ ಅಂಗಡಿಯ ತೆಲುಗೇ ಬೇರೆ, ಈ ಮರಳಿನ ಮೇಲೆ ಗಾಳಿಯ ಎದುರಿಗೆ ಕೂಗಿ ಆಡುವ ತೆಲುಗೇ ಬೇರೆ. ಅವರು ಒಂದು ಉಸಿರಿಗೆ ಹೇಳಿದ್ದನ್ನು ನಾನು ನಾಲ್ಕು ಸಲ ಕೇಳಿಸಿಕೊಳ್ಳಬೇಕಿತ್ತು. ಕೇಳಿಸಿಕೊಂಡೆನೇ? ಇಲ್ಲ. ಮತ್ತೊಮ್ಮೆ ಹೇಳಿ ಎಂದು ಕೇಳಿದರೆ ಮೂವರು ಪ್ರಾಧ್ಯಾಪಕರ ಮರ್ಯಾದೆ ಹೋಗುತ್ತಿತ್ತು. ಮನೆಯಲ್ಲಿ ಮೊಟ್ಟೆಯನ್ನೂ ಕಾಣದೆ ಬೆಳೆದ ನನಗೆ ಮೀನಿನ ಹೆಸರುಗಳಂತೂ ದೇವರಿಗೇ ಪ್ರೀತಿ. ಆದ್ದರಿಂದ ಹನ್ನೆರಡು ಪುಟದ ಫಾರಮನ್ನು ನನಗೆ ತಪ್ಪಿಲ್ಲದೆ ಆಡಲು ಬರುತ್ತಿದ್ದ ಒಂದೇ ವಾಕ್ಯಕ್ಕೆ ಇಳಿಸಿದೆ. ಎದುರಿಗೆ ಕೂತು, ಕೈ ಮುಗಿದು, ಅಮ್ಮನಂತೆ ಅಕ್ಕರೆಯಿಂದ ಕೇಳುವುದು: "ಭೋಜನಂ ಅಯಿಂದಾಂಡೀ?" ಊಟ ಆಯಿತೇನ್ರೀ? "ಅಯಿಂದಮ್ಮಾ" ಎಂದು ಉತ್ತರ ಬರುತ್ತಿತ್ತು. ನಿನ್ನೆ? ನಿನ್ನೆಯೂ ಅಯಿಂದಿ. ರಾತ್ರಿ? ಅದೂ ಅಯಿಂದಿ. ಬಟ್ಟಲು ತೋರಿಸಿದರೆ ನಾಚಿಕೊಂಡು ಒಳ್ಳೆಯ ಗಾತ್ರದ ಒಂದನ್ನು ಮುಟ್ಟುತ್ತಿದ್ದರು. ನಾನು ಟಿಕ್ ಹಾಕಿ, ನಮಸ್ಕಾರ ಹೇಳಿ, ಮುಂದಿನ ಮನೆಗೆ.

ನಲವತ್ತು ಜನರನ್ನು ಮೂರು ವಾರದಲ್ಲಿ ಮುಗಿಸಿದೆ. ಬೇರೆಯವರಿಗೆ ಆರು ತಿಂಗಳು ಹಿಡಿಯುವ ಕೆಲಸ. ಮೇಜಿನ ಉಳಿದ ಮೂವರು ನನ್ನನ್ನು ಒಂಥರಾ ನೋಡತೊಡಗಿದರು. ಪ್ರತಿಭೆಯನ್ನು ಜನ ಹಾಗೆಯೇ ನೋಡುತ್ತಾರೆ ಎಂದುಕೊಂಡೆ. ಮುಂದಿನ ತಿಂಗಳುಗಳೆಲ್ಲ ಆ ಅಂಕಿಗಳಿಂದ ಬಣ್ಣಬಣ್ಣದ ಗ್ರಾಫು ಮಾಡುವುದರಲ್ಲಿ ಕಳೆದವು. ನನ್ನ ಗ್ರಾಫುಗಳ ಪ್ರಕಾರ ಒಣಮೀನಿನ ಹೆಂಗಸರು ದಿನಕ್ಕೆ ಮೂರು ಹೊತ್ತು ಹೊಟ್ಟೆ ತುಂಬ ಉಣ್ಣುತ್ತಿದ್ದರು. ನಮ್ಮ ಹಾಸ್ಟೆಲಿನವರಿಗಿಂತ ಎಷ್ಟೋ ವಾಸಿ.

ಸಮಿತಿಯ ಸಭೆಗೆ ಐದು ದಿನ ಇದ್ದಾಗ, ಒಂದು ಮಧ್ಯಾಹ್ನ ಮೂರು ಗಂಟೆಗೆ ಪ್ರಿಂಟರಿನ ಮುಂದೆ ಕೂತಿದ್ದೆ. ಬೆಳಿಗ್ಗೆಯಿಂದ ಅದರ ಜೊತೆ ಜಗಳವಾಡುತ್ತ ಮೆಸ್ಸಿನ ಹೊತ್ತು ಮೀರಿಹೋಗಿತ್ತು. ಹೊಟ್ಟೆಯಲ್ಲಿದ್ದದ್ದು ಒಂದು ಚಹಾ, ಎರಡು ಬಿಸ್ಕತ್ತು. ಅಮ್ಮನ ಫೋನ್ ಬಂತು.

"ಊಟ ಆತೇನವ್ವಾ?"

"ಆತಮ್ಮಾ. ನಿಂದು?"

"ನಂದೂ ಆತು. ಏನ್ ಮಾಡಾಕತ್ತಿ?"

ಗ್ರಾಫು ತೆಗೆಯುತ್ತಿದ್ದೇನೆ ಎಂದು ಹೇಳಿ ಫೋನ್ ಇಟ್ಟೆ. ಪ್ರಿಂಟರು ಆಗಲೇ ಮನಸ್ಸು ಮಾಡಿ ಒಂದು ಹಾಳೆಯನ್ನು ಹೊರಗೆ ನೂಕಿತು. ಮೂರು ಹೊತ್ತಿನ ಊಟದ ಹಸಿರು ಕಂಬಗಳು, ಮೂರೂ ಎತ್ತರವಾಗಿ ನಿಂತಿದ್ದವು. ಹಾಳೆಯನ್ನು ಕೈಗೆತ್ತಿಕೊಂಡು ಅವನ್ನು ಒಂದೊಂದಾಗಿ ನೋಡಿದೆ. ಈಗತಾನೇ ನಾನು ಹೇಳಿದ 'ಆತು' ಯಾವ ಕಂಬಕ್ಕೆ ಸೇರಿತು?

ಮನೆ ಬಾಗಿಲಿಗೆ ಬಂದ ಪರಸ್ಥಳದವಳು ಕೈ ಮುಗಿದು ಊಟ ಆಯಿತೇ ಎಂದು ಕೇಳಿದರೆ ಯಾರು ಇಲ್ಲ ಎನ್ನುತ್ತಾರೆ? ಇಲ್ಲ ಎಂದರೆ ಕೇಳಿದವಳು ಬಡಿಸಬೇಕಾಗುತ್ತದೆ. ಅವಳ ಚೀಲದಲ್ಲಿ ಬಟ್ಟಲುಗಳಿವೆ, ಅನ್ನವಿಲ್ಲ. ಹುಬ್ಬಳ್ಳಿಯಲ್ಲಿ ನನ್ನ ಅಜ್ಜಿ ಒಲೆ ಹಚ್ಚದ ದಿನವೂ ಬಂದವರಿಗೆ 'ಈಗ ಉಂಡು ಎದ್ದೆ ನೋಡ್ರಿ' ಎನ್ನುತ್ತಿದ್ದಳು. ಇದನ್ನು ತಿಳಿಯಲು ತೆಲುಗು ಬೇಕಿರಲಿಲ್ಲ. ನನ್ನ ಕನ್ನಡವೇ ಸಾಕಿತ್ತು. ಆರು ವರ್ಷ ಆಹಾರ ವಿಜ್ಞಾನ ಓದಿ, ನಾನು ನಲವತ್ತು ಹೆಂಗಸರಿಗೆ ನಮಸ್ಕಾರ ಹೇಳಿ ಬಂದಿದ್ದೆ. ಅವರು ತಿರುಗಿ ನಮಸ್ಕಾರ ಹೇಳಿದ್ದರು. ಅದನ್ನೇ ನಾನು ಬಟ್ಟಲಿನಲ್ಲಿ ಅಳೆದು ಗ್ರಾಫು ಮಾಡಿದ್ದೆ.

ಇಂಥ ಹೊತ್ತಿನಲ್ಲಿ ಒಳ್ಳೆಯ ಸಂಶೋಧಕಿ ಏನು ಮಾಡುತ್ತಾಳೋ ಗೊತ್ತಿಲ್ಲ. ನಾನು ಗ್ರಾಫಿನ ಬಣ್ಣವನ್ನು ಹಸಿರಿನಿಂದ ನೀಲಿಗೆ ಬದಲಾಯಿಸಿದೆ. ಐದು ದಿನವೂ ಬಾಯಿ ಬಿಡಲಿಲ್ಲ. ಭಯವಾಗಿತ್ತು, ಅಷ್ಟೇ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಮೇಡಂ ಕಾರಿಡಾರಿನಲ್ಲಿ ಕೆಮ್ಮಿದರೂ ನನ್ನ ಹೆಸರು ಕರೆದಂತಾಗುತ್ತಿತ್ತು.

ಸಮಿತಿಗೆ ಹೊರಗಿನಿಂದ ಬಂದಿದ್ದ ತಜ್ಞರು ವಯಸ್ಸಾದವರು, ಮೆತ್ತಗೆ ಮಾತಾಡುವವರು. ನನ್ನ ನೀಲಿ ಕಂಬಗಳನ್ನು ಕನ್ನಡಕ ಎತ್ತಿ ನೋಡಿ, "ತುಂಬಾ ಚೆನ್ನಾಗಿ ಉಣ್ಣುತ್ತಾರಲ್ಲಮ್ಮಾ ಇವರು," ಎಂದರು. "ಹೇಗೆ ಕೇಳಿದಿರಿ?"

ಇಪ್ಪತ್ನಾಲ್ಕು ಗಂಟೆಗಳ ಆಹಾರ ಸ್ಮರಣೆಯ ಅಂಗೀಕೃತ ವಿಧಾನದಲ್ಲಿ ಸರ್, ಎಂದು ಇಂಗ್ಲಿಷಿನಲ್ಲಿ ಹೇಳಿದೆ.

"ಅದು ಸರಿ. ನಾನೇ ನಿಮ್ಮ ಒಂದನೇ ನಂಬರು ಅಂದ್ಕೊಳ್ಳಿ. ಕೇಳಿ."

ಬೇರೆ ದಾರಿಯಿರಲಿಲ್ಲ. ಕೈ ಮುಗಿದು, ಅಭ್ಯಾಸವಾಗಿದ್ದ ಅದೇ ಅಕ್ಕರೆಯಲ್ಲಿ ಕೇಳಿದೆ, "ಭೋಜನಂ ಅಯಿಂದಾಂಡೀ?"

"ಅಯಿಂದಮ್ಮಾ," ಎಂದರು ಅವರು ತಕ್ಷಣ. ಎಂದವರೇ ಕನ್ನಡಕ ತೆಗೆದರು. ಆ ದಿನ ಏಕಾದಶಿ. ಅವರು ಹಿಂದಿನ ರಾತ್ರಿಯಿಂದ ನೀರಲ್ಲದೆ ಏನೂ ಮುಟ್ಟಿರಲಿಲ್ಲವಂತೆ. ಅವರೇ ಮೊದಲು ನಕ್ಕರು. ಆಮೇಲೆ ಸಮಿತಿಯೆಲ್ಲ ನಕ್ಕಿತು. ನಾನು ನಗಲು ಹೋಗಿ ಅತ್ತುಬಿಟ್ಟೆ. ಅಳುತ್ತಳುತ್ತ ಎಲ್ಲವನ್ನೂ ಹೇಳಿದೆ: ಅವರ ತೆಲುಗು ನನಗೆ ತಿಳಿಯಲಿಲ್ಲ, ಕೇಳಲು ನಾಚಿಕೆಯಾಯಿತು, ನಲವತ್ತೂ ಫಾರಂ ಕೆಲಸಕ್ಕೆ ಬಾರದವು, ಇದು ನನಗೆ ಐದು ದಿನದಿಂದ ಗೊತ್ತು.

ಆರು ತಿಂಗಳು ಕೊಟ್ಟರು. ನಲವತ್ತೂ ಜನರನ್ನು ಮತ್ತೆ ಕೇಳಬೇಕು, ಒಬ್ಬೊಬ್ಬರನ್ನೂ ಮೂರು ಮೂರು ದಿನ. ಈ ಸಲವೂ ಆಗದಿದ್ದರೆ ರದ್ದು ಎಂದು ನಡಾವಳಿಯಲ್ಲಿ ಬರೆದರು.

ಹೊರಗೆ ಬಂದ ಮೇಲೆ ಮೇಡಂ ಚಹಾ ಕುಡಿಸಿದರು. "ಧಾರವಾಡದಲ್ಲಿ ಕೂತವರಿಗೆ ನಿನ್ನ ತೆಲುಗು ಹೇಗಿದೆ ಅಂತ ಹೇಗಮ್ಮಾ ಗೊತ್ತಾಗುತ್ತೆ?" ಎಂದು ಕೇಳಿದರು. "ಮೂವರಿಗೂ ಗೊತ್ತಿತ್ತು ಬೇರೆ."

ಹಾಗಾದರೆ ಗೊತ್ತಿದ್ದೂ ನನ್ನನ್ನು ಯಾಕೆ ತೆಗೆದುಕೊಂಡಿರಿ ಎಂದೆ.

"ಎಲ್ಲರ ಪತ್ರವನ್ನೂ ಅವರವರೇ ಬರೆದಿರ್ತಾರೆ. ನನ್ನದನ್ನೂ ನಾನೇ ಬರೆದಿದ್ದೆ. ನಿನ್ನದರಲ್ಲಿ ಇಂಗ್ಲಿಷ್ ಸ್ವಲ್ಪ ಚೆನ್ನಾಗಿತ್ತು," ಎಂದು ಅವರು ಲೋಟ ಕೆಳಗಿಟ್ಟರು. "ಸಹಾಯಕರನ್ನು ಬೇಡ ಅಂದಾಗ ನೀನೇ ಒಂದು ವಾರಕ್ಕೆ ಬಂದು ನಿಜ ಹೇಳ್ತೀಯ ಅಂದ್ಕೊಂಡಿದ್ದೆ. ವರ್ಷ ಆಯಿತು." ಈ ಮಾತು ಸಮಿತಿಯ ನಗುವಿಗಿಂತ ಹೆಚ್ಚು ಚುಚ್ಚಿತು. ಅವರು ಕಾಯುತ್ತಿದ್ದರು ಎಂಬುದು ನನಗೆ ತಿಳಿದಿರಲಿಲ್ಲ.

ಎರಡನೆಯ ಸಲ ಮೀನುಗಾರರ ಪೇಟೆಗೆ ಹೋದಾಗ ಎರಡು ವಾರ ಏನನ್ನೂ ಕೇಳಕೂಡದು ಎಂಬುದು ಮೇಡಂ ಅವರ ಆಜ್ಞೆ. ಫಾರಂ ಒಯ್ಯಬಾರದು, ಬಟ್ಟಲೂ ಒಯ್ಯಬಾರದು. ಸುಮ್ಮನೆ ಹೋಗಿ ಕೂತರೆ ಯಾರೂ ಬಿಡಲಿಲ್ಲ. ಬಲೆಯ ಮೇಲೆ ಹರಡಿದ ಮೀನು ತಿರುವಿಹಾಕಲು ಹಚ್ಚಿದರು. ಮೊದಲೆರಡು ದಿನ ಮೂಗಿಗೆ ದುಪಟ್ಟಾ ಕಟ್ಟಿಕೊಂಡೆ. ಮೂರನೆಯ ದಿನ ಸೆಕೆಗೆ ದುಪಟ್ಟಾ ತೆಗೆದೆ, ವಾಸನೆ ಅಲ್ಲೇ ಇತ್ತು, ನಾನೂ ಇದ್ದೆ. ಹಾಸ್ಟೆಲಿನಲ್ಲಿ ನನ್ನ ಕೋಣೆಯ ಹುಡುಗಿ ಚಪ್ಪಲಿಯನ್ನು ಬಾಗಿಲ ಹೊರಗಿಡು ಎಂದಳು, ಆಮೇಲೆ ನನ್ನನ್ನೂ.

ಹೆಸರು ಬರೆಯುವುದು ಸಂಶೋಧನೆಯ ನಿಯಮದಲ್ಲಿಲ್ಲ, ಎಲ್ಲರೂ ನಂಬರುಗಳು. ಹದಿನೇಳನೆಯವಳು ಐವತ್ತು ದಾಟಿದ ಹೆಂಗಸು. ಗಂಡನಿಲ್ಲ, ಮಗಳು ಮದುವೆಯಾಗಿ ಹೋಗಿದ್ದಳು. ಒಣಮೀನನ್ನು ಬುಟ್ಟಿಯಲ್ಲಿ ತುಂಬಿ ಮಧ್ಯಾಹ್ನದ ಮೇಲೆ ಕಾಲೊನಿಗಳಿಗೆ ಮಾರಲು ಹೋಗುತ್ತಿದ್ದಳು. ನನ್ನ ಅಂಡಿಗೆ ಅತಿ ಹೆಚ್ಚು ನಕ್ಕವಳು ಅವಳೇ. ನಾನು ಮಾತಾಡಿದಾಗಲೆಲ್ಲ ಅಕ್ಕಪಕ್ಕದವರನ್ನು ಕರೆದು ಇನ್ನೊಮ್ಮೆ ಹೇಳಿಸುತ್ತಿದ್ದಳು. ನನಗೆ ಒಂದು ಪದ ತಿಳಿಯದಿದ್ದರೆ ಕೇಳುತ್ತಿದ್ದೆ. ಅವಳು ಕೈಯಿಂದ, ಮುಖದಿಂದ, ಮರಳಿನ ಮೇಲೆ ಗೀಚಿ ಹೇಳುತ್ತಿದ್ದಳು. ಕೇಳುವುದು ಅಷ್ಟೇನೂ ಕಷ್ಟವಿರಲಿಲ್ಲ.

ಫಾರಂ ತೆಗೆಯುವ ದಿನ ಬಂದಾಗ, ಹೋದ ಸಲ ಮೂರು ಹೊತ್ತೂ ಉಂಡೆ ಅಂದಿದ್ದೆಯಲ್ಲ ಪಿನ್ನಿ ಎಂದು ಕೇಳಿದೆ. ಪಿನ್ನಿ ಅಂದರೆ ಚಿಕ್ಕಮ್ಮ. "ಆಗ ನೀನು ನೆಂಟರ ಹಾಗೆ ಕೇಳಿದೆ, ನೆಂಟರಿಗೆ ಏನು ಹೇಳಬೇಕೋ ಅದನ್ನ ಹೇಳಿದೆ," ಎಂದಳು. ಈಗ ಸಾವಕಾಶವಾಗಿ ಹೇಳತೊಡಗಿದಳು. ಬೆಳಿಗ್ಗೆ ಚಹಾ. ಮಧ್ಯಾಹ್ನ ಚದ್ದನ್ನಂ, ಅಂದರೆ ರಾತ್ರಿಯ ಅನ್ನಕ್ಕೆ ನೀರು ಹಾಕಿಟ್ಟ ತಂಗಳು, ಎರಡು ಬಟ್ಟಲು. ರಾತ್ರಿಯದು ಬುಟ್ಟಿ ಹೇಳಿದ ಹಾಗೆ: ಮಾರಿದರೆ ಅನ್ನ, ಮಾರದಿದ್ದರೆ ಚಹಾ. ಮೊದಲ ದಿನ ಹಾಗೆ ಬರೆದುಕೊಂಡೆ, ಎರಡನೆಯ ದಿನವೂ ಹಾಗೆಯೇ ಬರೆದುಕೊಂಡೆ.

ಆ ಎರಡನೆಯ ದಿನ ಫಾರಂ ಮಡಚುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಅವಳು ದೋಣಿಯ ನೆರಳಿಗೆ ಸರಿದು ಡಬ್ಬಿ ತೆಗೆಯುತ್ತ ನನ್ನನ್ನು ಕೇಳಿದಳು, "ತಿನ್ನಾವೇಟಿ?" ತಿಂದೆಯಾ? ತಿಂದೆ ಎನ್ನಲು ಬಾಯಿ ತೆರೆದೆ. ಜೀವಮಾನದ ಅಭ್ಯಾಸ. ಆದರೆ ಹತ್ತು ನಿಮಿಷದ ಹಿಂದಷ್ಟೇ ಅವಳು ನನಗೆ ನಿಜ ಹೇಳಿದ್ದಳು. "ಲೇದು ಪಿನ್ನಿ," ಎಂದೆ. ಇಲ್ಲ.

ಅವಳು ಡಬ್ಬಿಯ ಮುಚ್ಚಳವನ್ನು ಮರಳಿಗೆ ಒರಸಿ, ಸೀರೆಗೆ ಒರಸಿ, ಅದರಲ್ಲಿ ಅರ್ಧ ಹಾಕಿದಳು. ಈರುಳ್ಳಿಯನ್ನು ಕೈಯಿಂದಲೇ ಗುದ್ದಿ ಎರಡು ಮಾಡಿದಳು. ಹಸಿಮೆಣಸು ಒಂದೇ ಇತ್ತು, ಅದನ್ನು ನನಗೆ ಕೊಟ್ಟಳು. ತಣ್ಣಗೆ, ಹುಳಿಹುಳಿಯಾಗಿ, ಎಷ್ಟು ರುಚಿಯಾಗಿತ್ತೆಂದರೆ ನಾನು ಮಾತಾಡದೆ ತಿಂದೆ, ಮುಚ್ಚಳ ಎತ್ತಿ ನೀರನ್ನೂ ಕುಡಿದೆ. ಹಸಿವು ಅಷ್ಟಿತ್ತು. ಅವಳಿಗೆ ಸಾಕಾಯಿತೇ ಎಂದು ಕೇಳಲಿಲ್ಲ. ಕೇಳಿದ್ದರೂ ಸಾಕಾಯಿತು ಎನ್ನುತ್ತಿದ್ದಳು.

ಮರುದಿನ ಮೂರನೆಯ ಫಾರಂ. ನಿನ್ನೆ ಬೆಳಿಗ್ಗೆ ಚಹಾ. ನಿನ್ನೆ ಮಧ್ಯಾಹ್ನ? ಅವಳು ನನ್ನ ಬಟ್ಟಲುಗಳನ್ನು ನೋಡಿ, ನನ್ನನ್ನು ನೋಡಿ, ಒಂದು ಬೆರಳೆತ್ತಿದಳು. ಒಂದು ಎಂದು ಬರೆದೆ. ನಿನ್ನೆ ರಾತ್ರಿ? ಬುಟ್ಟಿ ಹಾಗೇ ವಾಪಸು ಬಂತು ಎಂದಳು, ಮೋಡ ಬಂದಿತ್ತಲ್ಲ ಎಂದು ಬೇರೇನೋ ಮಾತು ತೆಗೆದಳು. ನಾನು ತಲೆ ತಗ್ಗಿಸಿ ಅಡ್ಡಗೆರೆ ಎಳೆದೆ. ಚಹಾ ಅಂತಲಾದರೂ ಬರೆಯಲೇ ಎಂದು ಕೇಳಿದೆ. ಚಹಾವನ್ನೂ ಕುಡಿದಿರಲಿಲ್ಲ.

ಆರು ತಿಂಗಳಿಗೆ ಸಮಿತಿ ಮತ್ತೆ ಕೂತಿತು. ಈ ಸಲ ಗ್ರಾಫು ಇರಲಿಲ್ಲ, ಫಾರಂಗಳ ಕಟ್ಟು ಮಾತ್ರ. ಆ ಹಿರಿಯ ತಜ್ಞರು ಒಂದೊಂದನ್ನೂ ತಿರುವುತ್ತ ಹದಿನೇಳನೆಯದಕ್ಕೆ ಬಂದು ನಿಂತರು. "ಎರಡು ದಿನ ಎರಡೆರಡು ಬಟ್ಟಲು. ಮೂರನೇ ಫಾರಂನಲ್ಲಿ ಒಂದು. ಅಳತೆ ತಪ್ಪಿತಾ?"

"ಇಲ್ಲ ಸರ್. ಇನ್ನೊಂದು ಬಟ್ಟಲನ್ನು ನಾನು ತಿಂದೆ."

ಯಾರೂ ನಗಲಿಲ್ಲ. ಅವರು ಬೆರಳನ್ನು ಕೆಳಗಿನ ಸಾಲಿಗೆ ಇಳಿಸಿದರು, ರಾತ್ರಿಯ ಅಡ್ಡಗೆರೆಯ ಮೇಲೆ ಇಟ್ಟರು. ಆಮೇಲೆ, "ಇದನ್ನು ಅಡಿಟಿಪ್ಪಣಿಯಲ್ಲಿ ಬರೆಯಿರಿ. ನಾಳೆ ಓದುವವರಿಗೆ ಯಾಕೆ ಕಮ್ಮಿಯಾಯಿತು ಅಂತ ಗೊತ್ತಾಗಬೇಕು," ಎಂದು ಸಹಿ ಮಾಡಿ ಕಾಗದವನ್ನು ಮೇಡಂ ಕಡೆಗೆ ಸರಿಸಿದರು. ನೋಂದಣಿ ಖಾಯಂ ಆಯಿತು.

ಅಡಿಟಿಪ್ಪಣಿ ಬರೆಯಲು ನನಗೆ ಎರಡು ದಿನ ಹಿಡಿಯಿತು. ಈಗ ಪ್ರಬಂಧದಲ್ಲಿ ಅದು ಇರುವುದು ಹೀಗೆ: ಹದಿನೇಳನೆಯ ಮಹಿಳೆ ಆ ದಿನ ಮಧ್ಯಾಹ್ನದ ಊಟದಲ್ಲಿ ಅರ್ಧವನ್ನು ಸಂಶೋಧಕಿಗೆ ಕೊಟ್ಟಿದ್ದಾರೆ, ಆ ರಾತ್ರಿ ಅವರು ಉಂಡಿಲ್ಲ.